ಟಿಕೆಟ್ ಕೊಳ್ಳದವರ ದೂರು

‘ಆ ಬ್ಯಾಂಡ್ ಮೊದಲಿನ ಹಾಗಿಲ್ಲ ಬಿಡ್ರಿ. ಕೆಟ್ಟೋಯ್ತು.’

ಬಸವನಗುಡಿಯಲ್ಲಿ ಈ ಮಾತು ಆಡಲು ಯಾವ ಅರ್ಹತೆಯೂ ಬೇಕಿಲ್ಲ. ಆಲ್ಬಂ ಕೊಂಡಿರಬೇಕಿಲ್ಲ. ಕಾರ್ಯಕ್ರಮಕ್ಕೆ ಹೋಗಿರಬೇಕಿಲ್ಲ. ಒಂದು ಹಾಡನ್ನು ಪೂರ್ತಿ ಕೇಳಿರಲೂ ಬೇಕಿಲ್ಲ. ಅಳಿಯ ಕಳಿಸಿದ ವೀಡಿಯೊವನ್ನು ಅರ್ಧ ನಿಮಿಷ ನೋಡಿದ್ದರೆ ಸಾಕು. ತೀರ್ಪು ಸಿದ್ಧ.

ತೀರ್ಪು ಕೊಡುವವರು ಯಾರು ನೋಡಿ. ಅಪ್ಪ ಕಟ್ಟಿಸಿದ ಹೆಂಚಿನ ಮನೆ ಕೆಡವಿ ನಾಲ್ಕು ಅಂತಸ್ತು ಎಬ್ಬಿಸಿದವರು. ಜಗಲಿ ಇದ್ದಲ್ಲಿ ಕಾರು ನಿಲ್ಲಿಸಿದವರು. ಎಸ್ಸೆಸ್ಸೆಲ್ಸಿ ಬಂತು ಅಂತ ಮಗಳ ವೀಣೆ ಪಾಠ ಬಿಡಿಸಿ ಟ್ಯೂಷನ್‌ಗೆ ಹಾಕಿದವರು. ಚುನಾವಣೆಗೊಂದು ಪಕ್ಷ ಹಿಡಿದವರು. ಇವರೆಲ್ಲರ ಪಾಲಿಗೆ ಈ ಭೂಮಿಯ ಮೇಲೆ ಬದಲಾಗಬಾರದ್ದು ಒಂದೇ. ಗಿಟಾರ್ ಹಿಡಿದ ನಾಲ್ಕು ಜನ.

ಮೊದಲು ಹೇಗಿದ್ದರು ಅಂತ ಕೇಳಿ. ಉತ್ತರ ತೊದಲುತ್ತದೆ. ಅವರಿಗೆ ಗೊತ್ತಿಲ್ಲ. ಮೊದಲೂ ಅವರು ಕೇಳಿರಲಿಲ್ಲ.

ನಾನು ಹೇಳುತ್ತೇನೆ. ತೊಂಬತ್ತರ ದಶಕದಲ್ಲಿ ಚಾಮರಾಜಪೇಟೆಯ ಹುಡುಗನಿಗೆ ರಾಕ್ ಬೇಕೆಂದರೆ ಬಸ್ ಹತ್ತಿ ದಂಡಿನ ಕಡೆಗೆ ಹೋಗಬೇಕಿತ್ತು. ಬ್ರಿಗೇಡ್ ರಸ್ತೆ, ರೆಸ್ಟ್ ಹೌಸ್ ರಸ್ತೆ. ಪೇಟೆಯ ಕಡೆ ಇದ್ದದ್ದು 1905ರಿಂದ ಇರುವ ಗಾಯನ ಸಮಾಜ. 1939ರಿಂದ ನಡೆದುಬಂದ, ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗಳು. ಎರಡರ ನಡುವೆ ಕಬ್ಬನ್ ಪಾರ್ಕು. ಈ ಕಡೆಯವರಿಗೆ ಆ ಕಡೆಯದು ಗಲಾಟೆ. ಆ ಕಡೆಯವರಿಗೆ ಈ ಕಡೆಯವರು ಲೆಕ್ಕಕ್ಕೇ ಇಲ್ಲ.

ಹುಡುಗ ಹೋದ. ಗಿವ್ಸನ್ ಗಿಟಾರ್ ಕೊಂಡ. ತಂತಿಗೂ ಮರಕ್ಕೂ ನಡುವೆ ಬೆರಳು ತೂರುವಷ್ಟು ಸಂದು. ವಾರದೊಳಗೆ ಬೆರಳ ತುದಿ ಸುಲಿಯಿತು. ಎದೆಯ ಮೇಲೆ ತಲೆಬುರುಡೆ ಇದ್ದ ಕಪ್ಪು ಟೀ ಶರ್ಟು ತಂದ. ಅಜ್ಜಿ ಅದನ್ನು ಮಡಿಬಟ್ಟೆಯ ಗಳುವಿನಿಂದ ಸಾಕಷ್ಟು ದೂರದಲ್ಲಿ ಒಣಹಾಕಿದರು. ಹುಡುಗ ಹಾಡಿದ. ಇಂಗ್ಲಿಷಿನಲ್ಲಿ. ಕಾಣದ ಹೆದ್ದಾರಿಯ ಬಗ್ಗೆ. ಕುಡಿಯದ ವಿಸ್ಕಿಯ ಬಗ್ಗೆ. ಪರಿಚಯವೇ ಆಗದ ಹೆಣ್ಣು ಬಿಟ್ಟುಹೋದ ಬಗ್ಗೆ. ಉಚ್ಚಾರಣೆ ಸಾಕ್ಷಾತ್ ಬರ್ಮಿಂಗ್‌ಹ್ಯಾಮ್. ಮೈಕ್ ಆಫ್ ಆದ ಮೇಲೆ ಮಾತ್ರ, ‘ಲೋ ಮಗಾ, ಆಂಪ್ ಕೈಕೊಡ್ತು ಕಣೋ.’

ಮನೆಯಲ್ಲಿ ಏನಂದರು? ‘ನಮ್ಮ ಸಂಗೀತಕ್ಕೆ ಏನಾಗಿತ್ತೋ ದಾಡಿ? ಹಾಡೋಕೆ ಕನ್ನಡ ಇಲ್ವೇನೋ?’

ಈ ಪ್ರಶ್ನೆ ಕೇಳಿದವರನ್ನು ನೆನಪಿಟ್ಟುಕೊಳ್ಳಿ. ಅವರು ಇನ್ನೊಮ್ಮೆ ಬರುತ್ತಾರೆ. ಬೇರೆ ಮುಖ ಹೊತ್ತು.

ಇಂಗ್ಲಿಷ್ ಹಾಡುತ್ತಿದ್ದ ಬ್ಯಾಂಡುಗಳು ಕನ್ನಡವನ್ನು ಪೂರ್ತಿ ಕೈಬಿಟ್ಟಿರಲಿಲ್ಲ. ಹೆಸರಿಗೆ ಬಳಸುತ್ತಿದ್ದರು. ‘ಗಲೀಜ್ ಗುರೂಸ್’ ಅಂತ ಒಂದು ಬ್ಯಾಂಡು. ಹೆಸರು ಕೇಳಿದರೆ ಕಲಾಸಿಪಾಳ್ಯ, ಹಾಡು ಕೇಳಿದರೆ ಕ್ಯಾಲಿಫೋರ್ನಿಯಾ. ಅವರನ್ನು ದೂರುತ್ತಿಲ್ಲ, ಚೆನ್ನಾಗಿಯೇ ನುಡಿಸುತ್ತಿದ್ದರು. ಊರಿನ ಒಮ್ಮತವೇ ಹಾಗಿತ್ತು. ಕನ್ನಡ ಬೈಗುಳಕ್ಕೆ ಆದೀತು, ಆಟೋ ಚೌಕಾಸಿಗೆ ಆದೀತು, ಹಾಡಿಗೆ ಆಗದು. ಇಂಗ್ಲಿಷ್ ಹಾಡಿದವನು ಕಲಾವಿದ. ಕನ್ನಡ ಹಾಡಿದವನು ಆರ್ಕೆಸ್ಟ್ರಾದವನು.

ಈಗ ದೂರಿನ ಮೊದಲ ಆರೋಪಿಯ ವಿಷಯಕ್ಕೆ ಬರೋಣ. ರಘು ದೀಕ್ಷಿತ್.

ಮೈಸೂರಿನಲ್ಲಿ ಬೆಳೆದವರು. ಮೈಕ್ರೋಬಯಾಲಜಿಯಲ್ಲಿ ಚಿನ್ನದ ಪದಕ. ಭರತನಾಟ್ಯದಲ್ಲಿ ವಿದ್ವತ್ತು. ಕಾಲೇಜಿನಲ್ಲಿ ಗೆಳೆಯನೊಬ್ಬನ ಸವಾಲಿಗೆ ಬಿದ್ದು ಗಿಟಾರ್ ಹಿಡಿದವರು. ಮೊದಲು ‘ಅಂತರಾಗ್ನಿ’ ಅಂತ ಬ್ಯಾಂಡು. ಅದು ಮುಗಿದ ಮೇಲೆ ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’. ಶಿಶುನಾಳ ಶರೀಫರ ತತ್ವಪದಗಳನ್ನು ಗಿಟಾರು, ಡ್ರಮ್ಸು, ಪಿಟೀಲಿಗೆ ಕೂಡಿಸಿದರು. ರೆಕಾರ್ಡ್ ಕಂಪನಿಗಳ ಬಾಗಿಲು ತಟ್ಟಿದರು. ಬಾಗಿಲು ತೆರೆಯಲಿಲ್ಲ. ಕನ್ನಡದಲ್ಲಿ ರಾಕ್ ಯಾರು ಕೇಳ್ತಾರೆ ಸ್ವಾಮಿ?

ಕೊನೆಗೆ ಕೇಳಿದವರು ಮುಂಬೈಯವರು. ಹಿಂದಿ ಸಿನಿಮಾದ ವಿಶಾಲ್–ಶೇಖರ್ ಜೋಡಿ ತಮ್ಮದೇ ಲೇಬಲ್ಲಿನಲ್ಲಿ 2008ರಲ್ಲಿ ಆಲ್ಬಂ ಹೊರತಂದರು. ಹಾವೇರಿ ಸೀಮೆಯ ಶರೀಫರು ಈ ಹೊಸ ವೇಷದಲ್ಲಿ ಬೆಂಗಳೂರಿನ ಕಿವಿಗೆ ಬಿದ್ದದ್ದು ಮುಂಬೈ ಸುತ್ತಿಕೊಂಡು. ಆಗಲೂ ಪೂರ್ತಿ ಬೀಳಲಿಲ್ಲ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ರಘು ಹಾಡಿದರು. 2011ರಲ್ಲಿ ಇಂಗ್ಲೆಂಡಿನ ‘ಸಾಂಗ್‌ಲೈನ್ಸ್’ ಪತ್ರಿಕೆ ಹೊಸ ಕಲಾವಿದರಿಗೆ ಕೊಡುವ ಪ್ರಶಸ್ತಿ ಬಂತು.

ಆಗ ಎದ್ದರು ನೋಡಿ ನಮ್ಮವರು.

‘ಹಾಡೋಕೆ ಕನ್ನಡ ಇಲ್ವೇನೋ’ ಅಂದಿದ್ದವರು. ‘ಗಲಾಟೆ’ ಅಂದಿದ್ದವರು. ಬೆಳಗ್ಗೆ ಸುಪ್ರಭಾತದ ಜೊತೆಗೇ ವೀಡಿಯೊ ಹಂಚತೊಡಗಿದರು. ‘ನೋಡಿ, ನಮ್ಮ ಹುಡುಗ ಬಿಳಿಯರನ್ನು ಕುಣಿಸಿಬಿಟ್ಟ!’

ಶರೀಫರು ತೀರಿಕೊಂಡದ್ದು 1889ರಲ್ಲಿ. ಅಲ್ಲಿಂದೀಚೆಗೆ ಉತ್ತರ ಕರ್ನಾಟಕದ ಊರೂರಲ್ಲಿ ಭಜನಾ ಮೇಳದವರು ತಾಳ, ದಮ್ಮಡಿ ಹಿಡಿದು ಆ ಪದಗಳನ್ನು ಬದುಕಿಸಿಟ್ಟರು. ಅದು ಲೆಕ್ಕಕ್ಕಿಲ್ಲ. ಲಂಡನ್ನಿನ ಸ್ಟುಡಿಯೊದಲ್ಲಿ ನಾಲ್ಕು ಜನ ತಲೆಯಾಡಿಸಿದ್ದು ಲೆಕ್ಕ. ನಮ್ಮ ಅಭಿರುಚಿಗೆ ಸದಾ ಒಂದು ಸೀಲು ಬೇಕು. ಸೀಲು ವಿದೇಶದ್ದಾಗಿರಬೇಕು.

ವೇದಿಕೆಯ ಮೇಲೆ ರಘು ಅವರದು ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ. ಅದನ್ನೂ ಮೆಚ್ಚಿದರು. ಇದೇ ಜನ ಲುಂಗಿ ಉಟ್ಟು ಬಂದ ನೆಂಟನನ್ನು ಮಾಲ್‌ಗೆ ಕರೆದುಕೊಂಡು ಹೋಗಲು ಮುಜುಗರ ಪಡುತ್ತಾರೆ.

ಮೆಚ್ಚುಗೆ ಎಷ್ಟು ದಿನ? 2013ರಲ್ಲಿ ರಘು ಅವರ ಆಲ್ಬಂ ‘ಜಗ್ ಚಂಗಾ’ ಬಂತು. ಅಷ್ಟರಲ್ಲಿ ದೂರು ಶುರು. ‘ಸಿನಿಮಾಕ್ಕೆ ಹೋಗಿ ಕೆಟ್ಟ. ಮೊದಲಿನ ಸತ್ವ ಇಲ್ಲ.’

ಇವರಿಗೆ ಒಂದು ಇಸವಿ ಹೇಳಬೇಕು. ಮೊದಲ ಆಲ್ಬಂ ಬಂದದ್ದು 2008. ಅವರು ಸಂಗೀತ ಕೊಟ್ಟ ಮೊದಲ ಕನ್ನಡ ಸಿನಿಮಾ ‘ಸೈಕೋ’ ಬಂದದ್ದೂ 2008. ‘ಜಸ್ಟ್ ಮಾತ್ ಮಾತಲ್ಲಿ’ 2010. ಅಂದರೆ ಸಿನಿಮಾ ಮುಟ್ಟದ, ಪರಮ ಶುದ್ಧ ಆಲ್ಬಂ ಯುಗ ಅಂತ ಒಂದು ಇರಲೇ ಇಲ್ಲ. ನಾವು ಕಳೆದುಕೊಂಡೆವು ಅಂತ ಎದೆ ಬಡಿದುಕೊಳ್ಳುವ ಆ ಸುವರ್ಣಕಾಲ ನಮ್ಮ ತಲೆಯಲ್ಲಿ ಹುಟ್ಟಿದ್ದು. ಅದಕ್ಕೆ ತಾರೀಕಿಲ್ಲ.

ಇನ್ನೊಂದು ಗುಂಪಿದೆ. ಇವರು ಇನ್ನೂ ಭಯಂಕರ. ‘ಶರೀಫರನ್ನು ಗಿಟಾರಿಗೆ ಹಾಕಿ ಕೆಡಿಸಿದರು’ ಎನ್ನುವವರು.

ಯಾವ ಶರೀಫರನ್ನು ಸ್ವಾಮಿ? ನೀವು ಕೇಳಿದ ಶರೀಫರು ಶಿಶುವಿನಹಾಳದವರಲ್ಲ. ಕ್ಯಾಸೆಟ್ಟಿನವರು. ಸಿ. ಅಶ್ವತ್ಥ್ ಹಾಡಿದ, ತಬಲಾ, ಕೊಳಲು, ಕೀಬೋರ್ಡು ಕೂಡಿದ ಶರೀಫರು. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನಿಮಾ ಬಂದ ಮೇಲೆ ಚಾಮರಾಜಪೇಟೆಯ ಮನೆಮನೆಗೆ ಶರೀಫರು ಬಂದರು. ಅದಕ್ಕೂ ಮೊದಲು ಬಸವನಗುಡಿಯ ಎಷ್ಟು ಪೂಜಾಕೋಣೆಗಳಲ್ಲಿ ಅವರ ಪದ ಕೇಳಿಬರುತ್ತಿತ್ತು? ಹೇಳುತ್ತೀರಾ? ಬೇಡ ಬಿಡಿ.

ಅಶ್ವತ್ಥ್ ದೊಡ್ಡ ಕಲಾವಿದರು. ಅವರು ಮಾಡಿದ್ದೂ ಇದೇ. ತಮ್ಮ ಕಾಲದ ವಾದ್ಯ ತೆಗೆದುಕೊಂಡು ತಮ್ಮ ಕಂಠಕ್ಕೆ ಪದವನ್ನು ಒಗ್ಗಿಸಿಕೊಂಡರು. 2005ರ ಏಪ್ರಿಲ್ 23ರಂದು ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ನಡೆಸಿದರು. ಕವಿತೆ ಕೇಳಲು ಮೈದಾನ ತುಂಬಿತು. ಅದೇ ಮೈದಾನದಲ್ಲಿ ಎರಡು ವರ್ಷ ಮೊದಲು, 2003ರ ಏಪ್ರಿಲ್ 4ರಂದು, ರೋಲಿಂಗ್ ಸ್ಟೋನ್ಸ್ ಮಳೆಯಲ್ಲಿ ಹಾಡಿದ್ದರು. ‘ಕನ್ನಡವೇ ಸತ್ಯ’ ಆಗಿ ಎರಡು ವರ್ಷಕ್ಕೆ, 2007ರ ಮಾರ್ಚಿನಲ್ಲಿ, ಐರನ್ ಮೇಡನ್. 2011ರ ಅಕ್ಟೋಬರ್ 30ಕ್ಕೆ ಮೆಟಾಲಿಕಾ. ಗುರುಗ್ರಾಮದಲ್ಲಿ ರದ್ದಾಗಿ ಇಲ್ಲಿ ನಡೆಯಿತು ಎಂದು ಒಂದು ತಿಂಗಳು ಮೀಸೆ ತಿರುವಿದೆವು. ಆ ಮೈದಾನದಲ್ಲೀಗ ಮದುವೆ ನಡೆಯುತ್ತದೆ. ಜನರೇಟರ್ ಸದ್ದಿನ ಮೇಲೆ ಡಿಜೆ.

ಶುದ್ಧತೆಯ ಮಾತು ಬಂದದ್ದರಿಂದ ಮಲ್ಲೇಶ್ವರದವರಿಗೂ ಒಂದು ಮಾತು. ನಿಮ್ಮ ಪಕ್ಕದಲ್ಲೇ ಚೌಡಯ್ಯ ಸ್ಮಾರಕ ಭವನ ಇದೆ. 1980ರದ್ದು. ಪಿಟೀಲಿನ ಆಕಾರದ ಕಟ್ಟಡ. ಪಿಟೀಲು ಎಲ್ಲಿಯದು? ಯುರೋಪಿನದು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಕಲಿತು ನಮ್ಮ ಸಂಗೀತಕ್ಕೆ ತಂದರು. ಚೌಡಯ್ಯನವರು ಏನು ಮಾಡಿದರು? ಇದ್ದ ನಾಲ್ಕು ತಂತಿ ಸಾಲದು ಅಂತ ಏಳು ಮಾಡಿಕೊಂಡರು. ಹಿಂದಿನ ಸಾಲಿನವರಿಗೂ ಕೇಳಲಿ ಅಂತ. ಪರದೇಶಿ ವಾದ್ಯ, ಅದಕ್ಕೆ ಸ್ವದೇಶಿ ರಿಪೇರಿ, ಜೊತೆಗೆ ಸದ್ದು ಜಾಸ್ತಿ. ಇವತ್ತಿನ ಹುಡುಗನೊಬ್ಬ ಇದನ್ನೇ ಮಾಡಿದರೆ ನೀವು ಸಂಪಾದಕರಿಗೆ ಪತ್ರ ಬರೆಯುತ್ತೀರಿ. ಚೌಡಯ್ಯನವರಿಗೆ ಭವನ ಕಟ್ಟಿದಿರಿ. ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನಿನಲ್ಲಿ ತ್ಯಾಗರಾಜರನ್ನು ನುಡಿಸಿದಾಗ ಕಣ್ಣುಮುಚ್ಚಿ ತಾಳ ಹಾಕಿದಿರಿ. ಸ್ಯಾಕ್ಸೋಫೋನ್ ಒಪ್ಪುವ ಕಿವಿ ಗಿಟಾರಿಗೆ ಮುಚ್ಚಿಕೊಳ್ಳುವುದು ಯಾವ ಶಾಸ್ತ್ರ?

ಶಾಸ್ತ್ರ ಅಲ್ಲ. ವಯಸ್ಸು. ನಮಗೆ ಇಪ್ಪತ್ತಿದ್ದಾಗ ಕೇಳಿದ್ದು ಸಂಪ್ರದಾಯ. ಐವತ್ತಾದ ಮೇಲೆ ಬಂದದ್ದು ಅಪಚಾರ.

ಹಾಗಂತ ಬ್ಯಾಂಡಿನವರೇನೂ ಸಾಚಾಗಳಲ್ಲ. ಅವರಿಗೂ ಇದೆ.

ಲಂಡನ್ ತಲೆಯಾಡಿಸಿತು ಅಂತ ಗೊತ್ತಾದದ್ದೇ ತಡ, ಊರಿನ ಬ್ಯಾಂಡುಗಳಿಗೆಲ್ಲ ರಾತ್ರೋರಾತ್ರಿ ಬೇರು ಚಿಗುರಿತು. ಹಿಂದಿನ ವಾರ ಸಿಯಾಟಲ್ ಆಗಿದ್ದವರು ಈ ವಾರ ಮಲೆ ಮಹದೇಶ್ವರ ಬೆಟ್ಟ. ಕಪ್ಪು ಟೀ ಶರ್ಟ್ ಹೋಗಿ ಕಲಂಕಾರಿ ಅಂಗಿ ಬಂತು. ಹಳೇ ಹಾಡೇ. ಅದೇ ಮೂರು ಕಾರ್ಡು. ಮೇಲಿಂದ ಡೊಳ್ಳಿನ ಒಗ್ಗರಣೆ. ಆ ಡೊಳ್ಳು ಹೊಡೆಯುವವನೂ ವೇದಿಕೆಯ ಮೇಲಿಲ್ಲ. ಲ್ಯಾಪ್‌ಟಾಪಿನಲ್ಲಿದ್ದಾನೆ. ನಿಜವಾದ ಡೊಳ್ಳಿನ ತಂಡ ಕರೆಸಿದರೆ ಹತ್ತಾರು ಜನ, ಟೆಂಪೊ, ಊಟ. ಬೇರು ದುಬಾರಿ. ಬೇರಿನ ರೆಕಾರ್ಡಿಂಗು ಅಗ್ಗ.

‘ಜನಪದ’ ಎಂದು ಮೈಕಿನಲ್ಲಿ ಹೇಳುತ್ತಾರೆ. ಯಾರಿಂದ ಕಲಿತಿರಿ, ಯಾವ ಊರು, ಯಾವ ಅಜ್ಜಿ ಹಾಡಿದ್ದು ಅಂತ ಕೇಳಿ. ಮೌನ. ಜನಪದದಲ್ಲಿ ಒಂದು ದೊಡ್ಡ ಅನುಕೂಲವಿದೆ. ಬರೆದವರ ಹೆಸರಿಲ್ಲ. ಹೆಸರಿಲ್ಲದವರಿಗೆ ರಾಯಲ್ಟಿ ಇಲ್ಲ.

ದುಡಿದವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ‘ಸ್ವರಾತ್ಮ’ 2002ರಲ್ಲಿ ಶುರುವಾದ ಬ್ಯಾಂಡು. ಲಂಡನ್ ತಲೆಯಾಡಿಸುವುದಕ್ಕೆ ಎಷ್ಟೋ ಮೊದಲೇ. 2009ರಲ್ಲಿ ಮೊದಲ ಆಲ್ಬಂ, 2012ರಲ್ಲಿ ‘ಟೋಪಿವಾಲೇ’, 2018ರಲ್ಲಿ ‘ರಾಹ್–ಎ–ಫಕೀರಾ’. ಮೊದಲಿನ ಕುಣಿತ ಕ್ರಮೇಣ ಕೋಪವಾಯಿತು, ಆಮೇಲೆ ಫಕೀರನ ಹಾದಿ ಹಿಡಿಯಿತು. ಅದರ ಗಾಯಕ ವಾಸು ದೀಕ್ಷಿತ್ ತಮ್ಮದೇ ಇನ್ನೊಂದು ತಂಡ ಕಟ್ಟಿಕೊಂಡು ಕನ್ನಡದ ಪದಗಳ ಕಡೆ ಹೊರಳಿದರು. ಹದಿನೈದಿಪ್ಪತ್ತು ವರ್ಷದಲ್ಲಿ ಮನುಷ್ಯ ಹೀಗೆ ಬದಲಾಗದಿದ್ದರೆ ಡಾಕ್ಟರಿಗೆ ತೋರಿಸಬೇಕು. ನಮ್ಮವರು ಅದಕ್ಕೂ ಮುಖ ಸಿಂಡರಿಸಿದರು. ಕುಣಿಸುತ್ತಿದ್ದಾಗ ‘ಆಳ ಇಲ್ಲ’. ಆಳಕ್ಕೆ ಇಳಿದಾಗ ‘ಕುಣಿಯೋಕಾಗಲ್ಲ’.

ಈಗ ಒಂದು ಸಂಜೆಯ ಕಥೆ. ಬ್ಯಾಂಡಿನ ಹೆಸರು ಬೇಡ, ಬಿಲ್ಡರನದ್ದೂ ಬೇಡ. ಕನಕಪುರ ರಸ್ತೆಯ ಕಡೆ ಒಂದು ಅಪಾರ್ಟ್‌ಮೆಂಟಿನ ಉದ್ಘಾಟನೆ. ಮೂವತ್ತಂತಸ್ತು. ಈಜುಕೊಳದ ಪಕ್ಕ ವೇದಿಕೆ. ಬುಕಿಂಗ್ ಕೌಂಟರಿನ ಹುಡುಗಿಯರು ರೇಷ್ಮೆ ಸೀರೆಯಲ್ಲಿ. ಬ್ಯಾಂಡು ಶುರು ಮಾಡಿದ್ದು ಯಾವ ಪದದಿಂದ ಗೊತ್ತೇ? ಶರೀಫರ ಆ ಸೋರುವ ಮಾಳಿಗೆಯ ಪದ. ಮಾಳಿಗೆ ಸೋರುತ್ತಿದೆ, ತೊಲೆ ಕುಸಿಯುತ್ತಿದೆ, ದುರಸ್ತಿಗೆ ಗತಿಯಿಲ್ಲ ಎಂದು ಗಾಯಕ ಕಣ್ಣುಮುಚ್ಚಿ ಆಲಾಪಿಸುತ್ತಿದ್ದಾನೆ. ಬಿಲ್ಡರ್ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದಾನೆ. ಪಕ್ಕದವರು ‘ಸೂಪರ್ ಎನರ್ಜಿ’ ಅಂದರು. ಯಾರಿಗೂ ಏನೂ ಅನ್ನಿಸಲಿಲ್ಲ. ಬಿಲ್ಡರನ ಜಾಹೀರಾತು ಫಲಕದ ಕೆಳಗೆ ಅಷ್ಟೊಂದು ಸತ್ಯ ಹೇಳಿದವರು ಅವತ್ತು ಶರೀಫರೊಬ್ಬರೇ.

ಬ್ಯಾಂಡು ಅಲ್ಲಿಗೆ ಯಾಕೆ ಹೋಯಿತು? ಇನ್ನೆಲ್ಲಿಗೆ ಹೋಗಬೇಕು?

ಇಲ್ಲಿ ನಮ್ಮ ಘನ ಸರ್ಕಾರದ ಪಾತ್ರ ಬರುತ್ತದೆ. ಬೆಂಗಳೂರು ಭಾರತದ ರಾಕ್ ರಾಜಧಾನಿ. ಭಾಷಣಗಳಲ್ಲಿ. ಸಾರ್ವಜನಿಕ ಮನರಂಜನೆಯ ಸ್ಥಳಗಳಿಗೆ ಲೈಸೆನ್ಸ್ ಬೇಕೆಂಬ ಆದೇಶ ಹೊರಟದ್ದು 2005ರಲ್ಲಿ. ಗುರಿ ಇಟ್ಟದ್ದು ಡಾನ್ಸ್ ಬಾರ್‌ಗಳಿಗೆ. ಪೆಟ್ಟು ಬಿದ್ದವರಲ್ಲಿ ಗಿಟಾರಿನವರೂ ಸೇರಿದರು. ಬಾರಿನಲ್ಲಿ ಕುಣಿಸುವುದೂ ‘ಲೈವ್ ಬ್ಯಾಂಡ್’, ಮೂಲೆಯಲ್ಲಿ ಕೂತು ಜಾಜ್ ನುಡಿಸುವುದೂ ‘ಲೈವ್ ಬ್ಯಾಂಡ್’. ಕಾನೂನಿನ ಕಣ್ಣಿಗೆ ಎಲ್ಲರೂ ಸಮಾನರು. ಹಿಂದೆಯೇ ರಾತ್ರಿ ಹನ್ನೊಂದೂವರೆಗೆ ಬಾಗಿಲು ಹಾಕಿಸುವ ಕಾಲ ಬಂತು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ 2005ರ ಆ ಲೈಸೆನ್ಸ್ ಆದೇಶವನ್ನು ಎತ್ತಿಹಿಡಿಯಿತು. ಪಬ್ಬು, ಹೋಟೆಲುಗಳಿಗೆ ಪೊಲೀಸರು ಹೋಗಿ ಲೈಸೆನ್ಸ್ ತೋರಿಸಿ ಅಂದರು. ಲೈಸೆನ್ಸಿಗೆ ಸ್ವಾಧೀನಾನುಭವ ಪತ್ರ ಬೇಕು. ಈ ಊರಿನಲ್ಲಿ ಎಷ್ಟೋ ಕಟ್ಟಡಗಳಿಗೆ ಆ ಪತ್ರವೇ ಇಲ್ಲ. ಕಟ್ಟಡದಲ್ಲಿ ಜನ ವಾಸ ಮಾಡಬಹುದು, ಬ್ಯಾಂಕು ನಡೆಯಬಹುದು, ಶಾಲೆ ನಡೆಯಬಹುದು. ಗಿಟಾರ್ ಮಾತ್ರ ನುಡಿಸಬಾರದು.

2025ರ ಫೆಬ್ರವರಿ 9ರ ಬೆಳಗ್ಗೆ ಇಂಗ್ಲೆಂಡಿನ ಗಾಯಕ ಎಡ್ ಶೀರನ್ ಚರ್ಚ್ ಸ್ಟ್ರೀಟಿನಲ್ಲಿ ನಿಂತು ಹಾಡಿದ. ಹಿಂದಿನ ದಿನ ತುಮಕೂರು ರಸ್ತೆಯ ಮೈದಾನದಲ್ಲಿ ಅವನನ್ನು ಕೇಳಲು ಊರಿಗೆ ಊರೇ ಮುಗಿಬಿದ್ದಿತ್ತು. ಬೀದಿಯಲ್ಲಿ ಪೊಲೀಸರೊಬ್ಬರು ಬಂದು ಮೈಕಿನ ವೈರ್ ಕಿತ್ತರು. ಅನುಮತಿ ಇತ್ತು ಎಂದು ಅವನು. ಇರಲಿಲ್ಲ ಎಂದು ಪೊಲೀಸರು. ಜಗತ್ತು ನಕ್ಕಿತು. ಊರಿನ ಬ್ಯಾಂಡಿನವರಿಗೆ ನಗು ಬರಲಿಲ್ಲ. ಅವರಿಗದು ಸುದ್ದಿಯೇ ಅಲ್ಲ.

ಈಗ ನಮ್ಮ ಬೀದಿಗೆ ಬನ್ನಿ. ಶಬ್ದಮಾಲಿನ್ಯ ನಿಯಮ 2000ದ್ದು. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ಕೂಡದು. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗೆ ವರ್ಷದಲ್ಲಿ 15 ದಿನ ಮಧ್ಯರಾತ್ರಿವರೆಗೆ ಸರ್ಕಾರ ಸಡಿಲಿಸಬಹುದು. ನಮ್ಮ ಬೀದಿಯಲ್ಲಿ ಆ 15 ದಿನ ಗಣೇಶ ಬಂದು ಹೋಗುವಷ್ಟರಲ್ಲಿ ಮುಗಿದಿರುತ್ತದೆ. ಆಮೇಲೆ ಅಣ್ಣಮ್ಮ, ರಾಜ್ಯೋತ್ಸವ, ಕಾರ್ಪೊರೇಟರ್ ಆಗಬೇಕೆಂದಿರುವವರ ಹುಟ್ಟುಹಬ್ಬ. ಕಿಟಕಿ ಗಾಜು ನಡುಗುತ್ತದೆ. ಯಾರೂ ಪೊಲೀಸರಿಗೆ ಫೋನ್ ಮಾಡುವುದಿಲ್ಲ. ಮಾಡುವ ಧೈರ್ಯವಿಲ್ಲ.

ಆದರೆ ಎರಡನೇ ಮಹಡಿಯ ಬಾಡಿಗೆ ರೂಮಿನಲ್ಲಿ ಹುಡುಗರು ಸಂಜೆ ಆರಕ್ಕೆ ಡ್ರಮ್ಸ್ ಪ್ರಾಕ್ಟೀಸ್ ಮಾಡಿದರೆ? ಗೋಡೆಗೆ ಮೊಟ್ಟೆಯ ಟ್ರೇ ಹೊಡೆದು, ಕಿಟಕಿಗೆ ಹಾಸಿಗೆ ಒತ್ತರಿಸಿ, ಬೆವರು ಸುರಿಸಿಕೊಂಡು ನುಡಿಸುತ್ತಿದ್ದರೆ? ಹತ್ತು ನಿಮಿಷದಲ್ಲಿ ಓನರ್ ಬಾಗಿಲಲ್ಲಿ. ‘ರೀ, ಇದು ಮರ್ಯಾದಸ್ಥರು ಇರೋ ಏರಿಯಾ.’

ಅದೇ ಓನರ್ ಗಣೇಶೋತ್ಸವ ಸಮಿತಿಯ ಖಜಾಂಚಿ.

ಆ ಸಮಿತಿಯೂ ಒಂದು ವರ್ಷ ಉತ್ಸಾಹಕ್ಕೆ ಬಿದ್ದು ಬ್ಯಾಂಡು ಕರೆಸಿತು. ಸ್ವಂತ ಹಾಡುಗಳ ಬ್ಯಾಂಡು. ಕನ್ನಡದ್ದೇ. ಕರೆಸಿದವರು ಬಿಬಿಸಿ ವೀಡಿಯೊ ಹಂಚಿದ ನಮ್ಮ ಪುಣ್ಯಾತ್ಮರೇ. ಎರಡು ಹಾಡು ಮುಗಿಯಿತು. ಚೆನ್ನಾಗಿತ್ತು. ಎರಡನೆಯದರಲ್ಲಿ ಬೇಸ್ ಗಿಟಾರಿನವನು ಕಂಸಾಳೆಯ ನಡೆಯನ್ನು ನಾಲ್ಕು ತಂತಿಯ ಮೇಲೆ ತಂದಿದ್ದ. ನಾನು ಎದ್ದು ಮುಂದೆ ಹೋಗಿ ನಿಂತು ಕೇಳಿದೆ. ಜನ ಚುರುಮುರಿ ಗಾಡಿಯ ಕಡೆ ಸರಿದರು. ಅಧ್ಯಕ್ಷರು ವೇದಿಕೆಯ ಮೆಟ್ಟಿಲು ಹತ್ತಿ ಒಂದು ಚೀಟಿ ಕೊಟ್ಟರು. ಅಣ್ಣಾವ್ರದ್ದು ಎರಡು, ಅಪ್ಪು ಸಾರ್‌ದು ಎರಡು, ಕೊನೆಗೆ ಟಪ್ಪಾಂಗುಚ್ಚಿ.

‘ಸಾರ್, ನಮ್ದು ಸ್ವಂತ ಹಾಡುಗಳು...’

‘ಸ್ವಂತದ್ದು ಮನೇಲಿ ಹಾಡ್ಕೊಳ್ಳಿ ಗುರು. ಇಲ್ಲಿ ಜನ ಎದ್ದೋಗ್ತಾವ್ರೆ.’

ಡ್ರಮ್ಸ್ ಹುಡುಗ ಕೋಲು ಮಡಿಲಲ್ಲಿಟ್ಟು ಕೂತ. ಗಾಯಕ ಫೋನಿನಲ್ಲಿ ಸಾಹಿತ್ಯ ಹುಡುಕಿದ. ಹಾಡಿದರು. ಚುರುಮುರಿಯವನನ್ನು ಬಿಟ್ಟು ಎಲ್ಲರೂ ವಾಪಸ್ ಬಂದರು. ಕೊನೆಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಒಪ್ಪಿದ ಹಣದಲ್ಲಿ ಅರ್ಧ. ‘ಮಿಕ್ಕಿದ್ದು ವಿಸರ್ಜನೆ ಆದ್ಮೇಲೆ ನೋಡೋಣ.’ ವಿಸರ್ಜನೆ ಆಯಿತು. ಹಣವೂ ಜೊತೆಗೇ ಕೆರೆಗೆ ಬಿತ್ತೋ ಏನೋ.

ಮರುವರ್ಷ ಅದೇ ಬ್ಯಾಂಡು ಇನ್ನೊಂದು ಬಡಾವಣೆಗೆ ಬಂತು. ಬುದ್ಧಿ ಕಲಿತಿದ್ದರು. ಸಿನಿಮಾ ಹಾಡಿನ ಪಟ್ಟಿ ಸಿದ್ಧವಿತ್ತು. ಕೆಳಗೆ ನಿಂತ ನಮ್ಮ ಅಧ್ಯಕ್ಷರು ಏನಂದರು ಅಂತೀರಿ?

‘ಮೊದಲು ಚೆನ್ನಾಗಿ ಹಾಡ್ತಿದ್ರು. ಈಗ ಸಿನಿಮಾ ಹಾಡು ಹಿಡ್ಕೊಂಡ್ರು. ಕಮರ್ಷಿಯಲ್ ಆಗ್ಬಿಟ್ರು.’

ಸರಿ, ಬದಲಾಗದವರನ್ನಾದರೂ ನಾವು ತಲೆ ಮೇಲೆ ಹೊತ್ತೆವಾ? ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ಇದೆ. 1996ರಲ್ಲಿ ಕ್ರೈಸ್ಟ್ ಕಾಲೇಜಿನಲ್ಲಿ ಹುಟ್ಟಿದ್ದು. ಬ್ರೂಸ್ ಲೀ ಮಣಿ ಗಿಟಾರು, ರಾಜೀವ್ ರಾಜಗೋಪಾಲ್ ಡ್ರಮ್ಸು. ಅವರು ಬೇರು ಹುಡುಕಲಿಲ್ಲ, ಲುಂಗಿ ಉಡಲಿಲ್ಲ. ಇಂಗ್ಲಿಷಿನಲ್ಲೇ ಹಾಡಿದರು, ಹಾಡಿದ್ದು ಬೆಂಗಳೂರಿನ ಬಗ್ಗೆ. ತಮ್ಮದು ‘ಬೆಂಗಳೂರ್ ರಾಕ್’ ಅಂದುಕೊಂಡರು. 2005ರಲ್ಲಿ ಒಂದು ಆಲ್ಬಮ್ಮನ್ನು ಅಂತರ್ಜಾಲದಲ್ಲಿ ಪುಕ್ಕಟೆ ಕೊಟ್ಟರು. ಹೇಗೂ ಕದಿಯುತ್ತೀರಿ, ತಗೊಳ್ಳಿ ಅಂತಲೋ ಏನೋ. 2012ರಲ್ಲಿ ಆಟೋರಿಕ್ಷಾ ನೆಪದಲ್ಲಿ ಮೂರು ಭಾಗದ ಆಲ್ಬಂ. 2020ರಲ್ಲಿ ಮತ್ತೊಂದು. ಸಂಗೀತ ಶಾಲೆ ತೆರೆದು ಮಕ್ಕಳಿಗೆ ಕಲಿಸಿದರು.

ಅವರ ಸಂಗೀತವೂ ಒಳಗೊಳಗೇ ಬದಲಾಯಿತು. ರಾಕ್ ಇದ್ದದ್ದು ಜಾಜ್ ಕಡೆ, ಬ್ಲೂಸ್ ಕಡೆ ಸರಿದಾಡಿತು. ಕೇಳಿದವರಿಗೆ ಗೊತ್ತು. ಆದರೆ ನಮ್ಮ ಬೀದಿಯ ವಿಮರ್ಶೆ ಅಲ್ಲಿಯವರೆಗೆ ಹೋಗುವುದೇ ಇಲ್ಲ. ‘ಇನ್ನೂ ಇಂಗ್ಲಿಷಲ್ಲೇ ಹಾಡ್ತಾರಾ? ಇನ್ನೂ ಇದ್ದಾರಾ?’

ಬದಲಾದವನು ಮಾರಿಕೊಂಡ. ಬದಲಾಗದವನು ಔಟ್‌ಡೇಟೆಡ್. ಮೂರನೆಯವನು ಬ್ಯಾಂಡ್ ಬಿಟ್ಟು ಸಾಫ್ಟ್‌ವೇರ್ ಕಂಪನಿ ಸೇರಿದ. ಅವನಿಗೆ ಹೆಣ್ಣು ಕೊಟ್ಟೆವು.

ಆ ಮೂರನೆಯವನ ಕಥೆಯೂ ಕೇಳಿ. ಈಗ ಅವನಿಗೆ ನಲವತ್ತೈದು. ಗಿವ್ಸನ್ ಅಟ್ಟದ ಮೇಲಿದೆ. ಅವನೀಗ ಸಂಗೀತಕ್ಕೆ ದುಡ್ಡು ಸುರಿಯುತ್ತಾನೆ. ವಿದೇಶಿ ಬ್ಯಾಂಡ್ ಬಂದರೆ ಟಿಕೆಟ್ಟಿಗೆ ಐದಂಕಿ ಹಣ, ಪಾರ್ಕಿಂಗ್‌ಗೆ ಸಾವಿರ, ಪ್ಲಾಸ್ಟಿಕ್ ಲೋಟದ ಬಿಯರ್‌ಗೆ ಕೇಳಿದಷ್ಟು. ಊರಿನ ಬ್ಯಾಂಡಿನ ಟಿಕೆಟ್ ಐನೂರು ಅಂದರೆ, ‘ಗೆಸ್ಟ್ ಲಿಸ್ಟಿಗೆ ಹೆಸರು ಹಾಕ್ಸೋ ಮಗಾ’. ಇಂದಿರಾನಗರದ ಕಡೆ ‘ಟ್ರಿಬ್ಯೂಟ್ ನೈಟ್’ ನಡೆಯುತ್ತದೆ. ಇನ್ನೊಬ್ಬರ ಹಾಡನ್ನು ಇನ್ನೊಬ್ಬರ ದನಿಯಲ್ಲಿ ಹಾಡುವ ರಾತ್ರಿ. ಹೌಸ್‌ಫುಲ್. ಅಲ್ಲಿಗೆ ಹೋಗಿ ತಲೆಬುರುಡೆಯ ಟೀ ಶರ್ಟಿನೊಳಗೆ ಹೊಟ್ಟೆ ಎಳೆದುಕೊಂಡು ನಿಂತು, ‘ನಮ್ಮ ಕಾಲದಲ್ಲಿ ನಿಜವಾದ ಬ್ಯಾಂಡುಗಳಿದ್ವು’ ಅಂತ ಕಣ್ಣೊರೆಸಿಕೊಳ್ಳುತ್ತಾನೆ.

ಆ ನಿಜವಾದ ಬ್ಯಾಂಡಿನಲ್ಲಿ ಅವನೂ ಇದ್ದ. ಬಿಟ್ಟು ಬಂದವನು ಅವನೇ. ಬಿಡದೆ ಉಳಿದವರು ಅಪಾರ್ಟ್‌ಮೆಂಟ್ ಉದ್ಘಾಟನೆಯಲ್ಲಿ ಹಾಡುತ್ತಿದ್ದಾರೆ. ಅಪಾರ್ಟ್‌ಮೆಂಟ್ ಬುಕ್ ಮಾಡಿದವನೂ ಇವನೇ.

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆ ಮೂರೂ ಸೇರಿ ಸ್ವಂತ ಹಾಡಿನ ಬ್ಯಾಂಡಿಗೆ ವಾರಕ್ಕೊಂದು ಸಂಜೆ ಕೊಡುವ ವೇದಿಕೆ ನನ್ನ ಕಣ್ಣಿಗಂತೂ ಬಿದ್ದಿಲ್ಲ. ಕಲ್ಯಾಣ ಮಂಟಪಗಳಿವೆ. ಸಭಾಂಗಣಗಳಿವೆ. ಅಲ್ಲಿ ‘ಪಾಶ್ಚಾತ್ಯ ಸಂಗೀತಕ್ಕೆ ಅವಕಾಶವಿಲ್ಲ’ ಎನ್ನುತ್ತಾರೆ. ಮದುವೆಯ ಡಿಜೆಗೆ ಇದೆ.

ಹಾಗಾಗಿ ಸಮಿತಿಯ ಅಧ್ಯಕ್ಷರೇ, ಖಜಾಂಚಿಯವರೇ, ಇಷ್ಟು ಮಾಡಿ. ಈ ಭಾದ್ರಪದದಲ್ಲಿ ಒಂದೇ ಒಂದು ಸಂಜೆ ಯಾವುದಾದರೂ ಬ್ಯಾಂಡಿಗೆ ಕೊಡಿ. ಚೀಟಿ ಕಳಿಸಬೇಡಿ. ಅವರು ಏನು ಹಾಡುತ್ತಾರೋ ಅದನ್ನು ಎರಡು ಗಂಟೆ ಕೂತು ಕೇಳಿ. ಇಷ್ಟವಾಗದಿದ್ದರೆ ಬಯ್ಯಿರಿ, ಆಗ ನಿಮಗೆ ಹಕ್ಕಿದೆ. ಸಂಭಾವನೆಯನ್ನು ಮಾತ್ರ ವೇದಿಕೆ ಹತ್ತುವ ಮೊದಲೇ ಪೂರ್ತಿ ಕೊಡಿ. ಶಾಲು ಬೇಡ. ಅವರ ಮನೆಯಲ್ಲಿ ಈಗಾಗಲೇ ಬೇಕಾದಷ್ಟಿದೆ.